ನಳಿಗೆಗೆ ಕಪ್ಪು ಹಿಡಿಸುವ ಕಾಲ

ಎಲ್ಲೂರು
೯ ಅಕ್ಟೋಬರ್ ೨೦೨೩

ನಿನ್ನೆ ನಮ್ಮ ಅಂಗಳದಲ್ಲಿ ನೆರೆದಿದ್ದ ಸಮಸ್ತ ಬಂಧುಗಳಿಗೂ ಊರವರಿಗೂ,

ನೀವು ಬಂದಿರಿ. ಅದಕ್ಕಾಗಿ ವಂದನೆಗಳು. ಕಾರ್ಕಳದಿಂದ, ಹೆಜಮಾಡಿಯಿಂದ, ಮುಂಬಯಿಯಿಂದ ಬಂದವರಿಗೂ, ನನ್ನ ಮಗ ಪ್ರತೀಕನ ಬೊಜ್ಜದ ಊಟಕ್ಕೆ ಎಲೆ ಹಾಕಿದವರಿಗೂ, ಬಡಿಸಿದವರಿಗೂ, ಕತ್ತಲಾಗುವ ಮುನ್ನ ಚಪ್ಪರ ಬಿಚ್ಚಿ ಅಂಗಳವನ್ನು ಮೊದಲಿನಂತೆ ಮಾಡಿಕೊಟ್ಟವರಿಗೂ ನಾನು ಋಣಿ.

ಊಟದ ಅನಂತರ ನಾನು ನಾಲ್ಕು ಮಾತು ಆಡಬೇಕೆಂದು ನೀವು ನಿರೀಕ್ಷಿಸಿದಿರಿ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಢಾಲುಗಳನ್ನು ಮನೆಗೆ ಹೊತ್ತು ತಂದವನು ಮಗನ ಉತ್ತರಕ್ರಿಯೆಯ ದಿನ ಬಾಯಿ ಬಿಡದೆ ಕುಳಿತದ್ದು ಕೆಲವರಿಗೆ ಅಚ್ಚರಿಯಾಯಿತಂತೆ. ನನ್ನಲ್ಲಿ ಮಾತು ಇರಲಿಲ್ಲವೆಂದಲ್ಲ, ಎದುರುಪಕ್ಷ ಇರಲಿಲ್ಲ. ಆದುದರಿಂದ ಬರೆಯುತ್ತಿದ್ದೇನೆ. ಉಮಾನಾಥ ಇದರ ಫೋಟೊ ತೆಗೆದು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕುತ್ತಾನೆ.

ನಿಮ್ಮ ಅನುಕಂಪವನ್ನು ಮಾತ್ರ ನಾನು ಸ್ವೀಕರಿಸಲಾರೆ. ಮಸ್ಕತ್ತಿನ ಕೆಲಸವನ್ನು ಬಿಟ್ಟು ಬಂದು ಗದ್ದೆಗೆ ಇಳಿಯದೆ ಇದ್ದಿದ್ದರೆ ಹುಡುಗನಿಗೆ ಇಲಿಜ್ವರ ತಗಲುತ್ತಿರಲಿಲ್ಲ ಎಂದು ನಿಮ್ಮಲ್ಲಿ ಹಲವರು ಹೇಳಿದಿರಿ. ಗದ್ದೆ ಅವನ ಆಯ್ಕೆ. ಆ ಕೆಸರಿನಲ್ಲಿ ಅವನು ಸಂತೋಷವಾಗಿದ್ದ. ಮಣಿಪಾಲದ ವೈದ್ಯರು ಮಾಡಬೇಕಾದುದನ್ನೆಲ್ಲ ಮಾಡಿದರು. ಅವನ ಬದುಕನ್ನು ಒಂದು ತಪ್ಪು ಲೆಕ್ಕದಂತೆ ತಿದ್ದಲು ಹೊರಡುವ ಅನುಕಂಪ ನನಗೆ ಬೇಡ.

ಇನ್ನು ಕೋವಿಯ ವಿಷಯ. ಕೈತೊಳೆಯುವಲ್ಲಿ ಉಮಾನಾಥ ನನ್ನನ್ನು ಬದಿಗೆ ಕರೆದ. ನನ್ನ ಹೆಂಡತಿ ನಳಿನಾಕ್ಷಿಯ ತಮ್ಮನಾಗಿ, ಪ್ರತೀಕನ ಸೋದರಮಾವನಾಗಿ ಅವನಿಗೆ ಮಾತನಾಡುವ ಅಧಿಕಾರವಿದೆ, ಒಪ್ಪುತ್ತೇನೆ.

“ಭಾವ, ಒಂದು ಹೇಳ್ತೇನೆ, ಸಿಟ್ಟು ಮಾಡ್ಬೇಡಿ. ಆ ಕೋವಿ ಇನ್ನು ಎಂತಕ್ಕೆ? ಸ್ಟೇಷನ್‌ಗೆ ಒಪ್ಪಿಸಿ ಬಿಡುವ.”

“ಇನ್ನು ಗದ್ದೆಗೆ ಬರುವುದಿಲ್ಲ ಎಂದು ಹಂದಿಗಳು ನಿನಗೆ ಹೇಳಿದವೋ?” ಎಂದೆ.

“ಹಂದಿ ವಿಷಯ ಅಲ್ಲ ಭಾವ. ಇಂಥ ಸಮಯದಲ್ಲಿ ಮನಸ್ಸು ಒಂದೇ ಹಾಗೆ ಇರುದಿಲ್ಲ ಅಲ್ವಾ? ನಿಮ್ಮದು ಅಂತ ಅಲ್ಲ, ಅಕ್ಕನದ್ದೂ ಹೌದು.”

ಅವನ ಹಿಂದೆ ನಿಮ್ಮಲ್ಲಿ ಕೆಲವರು ಒದ್ದೆ ಕೈ ಹಿಡಿದುಕೊಂಡು, ನಳ್ಳಿಗಾಗಿ ಕಾಯುವವರಂತೆ, ನನ್ನ ಉತ್ತರಕ್ಕಾಗಿ ನಿಂತಿದ್ದಿರಿ. ನಿಮ್ಮ ಭಯ ನನಗೆ ಅರ್ಥವಾಗಿದೆ. ಅದಕ್ಕೆ ಆಧಾರವಿಲ್ಲ. ಲೈಸೆನ್ಸು ನನ್ನ ಹೆಸರಿನದು. ಕೋವಿಯನ್ನು ಬಳಸಲು ಅನುಮತಿಯುಳ್ಳವನಾಗಿ ಅದರಲ್ಲಿ ಪ್ರತೀಕನ ಹೆಸರು ಸೇರಿತ್ತು. ಕೋವಿ ಚಾವಡಿಯ ಗೂಟದಲ್ಲಿ ಇದ್ದಲ್ಲಿಯೇ ಇರುತ್ತದೆ.

ಇಂತು,
ತಾರಾನಾಥ ಶೆಟ್ಟಿ


ಎಲ್ಲೂರು
೪ ಜುಲೈ ೨೦೨೪

ಕಜೆಟನ್,

ಕಾಲೇಜು ಬಿಟ್ಟ ಮೇಲೆ ನಿನಗೆ ಬರೆಯುತ್ತಿರುವ ಮೊದಲ ಪತ್ರ ಇದು. ಹಳ್ಳಿಗೆ ರಸ್ತೆ ಮೊದಲೋ ಶಾಲೆ ಮೊದಲೋ ಎಂಬ ಆ ಅಂತಿಮ ಸ್ಪರ್ಧೆಯಲ್ಲಿ, ಹಿಂದಿನ ದಿನ ನಾನೇ ನಿನಗೆ ಹೇಳಿಕೊಟ್ಟಿದ್ದ ಉದಾಹರಣೆಯನ್ನು ನೀನು ನನ್ನ ಮೇಲೆಯೇ ಪ್ರಯೋಗಿಸಿ ಗೆದ್ದೆ. ಆ ವಿಷಯವನ್ನು ಇಲ್ಲಿ ಎತ್ತುವುದಿಲ್ಲ. ಎತ್ತಿದಂತಾಯಿತು, ಇರಲಿ.

ಮೊನ್ನೆ ಕಲ್ಯಾಣಪುರದ ನಿನ್ನ ಕೋವಿ ಅಂಗಡಿಗೆ ಬಂದಿದ್ದೆ. ನೀನು ಇಗರ್ಜಿಗೆ ಹೋಗಿದ್ದೆ. ನಿನ್ನ ಮಗ ಟ್ರೆವರ್ ಕೋವಿಯನ್ನು ತೆಗೆದುಕೊಂಡು ರಶೀದಿ ಕೊಟ್ಟ. ಅದು ನನ್ನ ಸೋದರಮಾವನಿಂದ ನನಗೆ ಬಂದ ಜೋಡಿ ನಳಿಗೆಯ ಕೋವಿ. ಪ್ರತೀಕ ನಿನ್ನಲ್ಲಿಂದಲೇ ಗುಂಡಿನ ತೋಟೆ ಒಯ್ಯುತ್ತಿದ್ದ. ಆದುದರಿಂದ ಅವನು ಹೋದದ್ದು ನಿನಗೆ ತಿಳಿದಿರಬಹುದು.

ಚುನಾವಣೆಯ ಕಾಲದಲ್ಲಿ ತಾಲ್ಲೂಕಿನ ಎಲ್ಲ ಕೋವಿಗಳಂತೆ ಇದನ್ನೂ ಠಾಣೆಯಲ್ಲಿ ಠೇವಣಿ ಇಟ್ಟಿದ್ದೆ. ಆ ಬೇಸಿಗೆಯಲ್ಲಿ ನಮ್ಮ ಚಾವಡಿ ವಿಚಿತ್ರವಾಗಿತ್ತು. ಗೋಡೆಯಲ್ಲಿ ಖಾಲಿ ಗೂಟಗಳು. ಅವುಗಳ ಕೆಳಗೆ ಸಂಜೆಯ ಹೊತ್ತು ನಳಿನಾಕ್ಷಿ ಗೋಡೆಗೆ ಒರಗಿ ಕುಳಿತಿರುತ್ತಿದ್ದಳು, ಬಸ್ಸಿಗೆ ಕಾಯುವವಳಂತೆ. ಜೂನ್ ತಿಂಗಳಲ್ಲಿ ಕೋವಿ ಮನೆಗೆ ಬಂತು. ಕಾಪುವಿನ ಕಚೇರಿಯಲ್ಲಿ ಲೈಸೆನ್ಸಿನ ನವೀಕರಣಕ್ಕೆಂದು ತೋರಿಸಿದಾಗ, ನಳಿಗೆ ಹೀಗೆ ತುಕ್ಕು ಹಿಡಿದಿರುವ ಕೋವಿಗೆ ಒಪ್ಪಿಗೆ ಬರೆಯಲಾಗದು, ಸರಿಪಡಿಸಿ ತನ್ನಿ, ಇಲ್ಲವೆ ಒಪ್ಪಿಸಿಬಿಡಿ ಎಂದರು. ಅವರ ಮಾತು ನ್ಯಾಯವಾದದ್ದು.

ನಳಿಗೆಗಳಿಗೆ ಹೊಸದಾಗಿ ಕಪ್ಪು ಹಿಡಿಸಿಕೊಡು. ಆದರೆ ಒಂದು ಷರತ್ತು. ಮರದ ಹಿಡಿ ಮುಗಿಯುವಲ್ಲಿಂದ ಆಚೆಗೆ, ಬರಿಯ ಕಬ್ಬಿಣದ ಮೇಲೆ, ಒಂದು ಕೈಯಚ್ಚು ತುಕ್ಕಾಗಿ ನಿಂತಿದೆ: ನಾಲ್ಕು ಬೆರಳು ಮತ್ತು ಹೆಬ್ಬೆರಳಿನ ಬುಡ. ಕಾಪುವಿನಿಂದ ಹಿಂದಿರುಗಿದ ದಿನ ಬಾಗಿಲ ಬೆಳಕಿನಲ್ಲಿ ಅದನ್ನು ಕಂಡೆ. ಅದು ಪ್ರತೀಕನ ಎಡಗೈ. ಅವನು ಕೋವಿಯನ್ನು ಹಾಗೆಯೇ ಮುಂದಕ್ಕೆ ಹಿಡಿಯುತ್ತಿದ್ದ; ಬೇಡವೆಂದು ನಾನು ಎಷ್ಟೋ ಬಾರಿ ಹೇಳಿದ್ದೆ.

ನಳಿನಾಕ್ಷಿಗೆ ಇದನ್ನು ತೋರಿಸಿಲ್ಲ. ಆಕೆ ಅತ್ತರೆ ನಿಲ್ಲಿಸಬಲ್ಲ ವಾದ ನನ್ನ ಬಳಿ ಇಲ್ಲ.

ನಳಿಗೆ ಕಪ್ಪಾಗಬೇಕು, ಕೈ ಉಳಿಯಬೇಕು. ಎರಡೂ ಸಾಧ್ಯವೇ ಎಂದು ತಿಳಿಸು. ಫೋನು ಮಾಡಬೇಡ, ಫೋನಿನಲ್ಲಿ ನೀನು ಮಾತು ಮುಗಿಯುವ ಮೊದಲೇ ಬಾಯಿ ಹಾಕುತ್ತೀ.

ತಾರಾನಾಥ


ಕಲ್ಯಾಣಪುರ
೧೩ ಜುಲೈ ೨೦೨೪

ಪ್ರಿಯ ತಾರಾನಾಥ,

ಪ್ರತೀಕನ ಸುದ್ದಿ ತಿಳಿದ ದಿನ ನಾನು ಅಂಗಡಿ ಮುಚ್ಚಿದೆ. ಬೊಜ್ಜಕ್ಕೆ ಬರಲಿಲ್ಲ. ಬಂದಿದ್ದರೆ ನೀನು ನನ್ನನ್ನು ಎದುರುಪಕ್ಷ ಮಾಡಿ ನಿಲ್ಲಿಸುತ್ತಿದ್ದೆ, ಅಲ್ವಾ ಮಾರಾಯ? ಆ ದಿನ ನಿನ್ನೆದುರು ನಿಂತು ಗೆಲ್ಲುವ ಧೈರ್ಯ ನನಗಿರಲಿಲ್ಲ. ನಿನಗಾಗಿ ಸೋಲಲು ನೀನು ಬಿಡುವವನಲ್ಲ.

ಕೋವಿಯನ್ನು ಬಿಚ್ಚಿದೆ. ಮೊದಲು ನಿನಗೆ ಬೈಯುತ್ತೇನೆ. ತಲೆಗೂ ತೆಂಗಿನೆಣ್ಣೆ, ಮೀನಿಗೂ ತೆಂಗಿನೆಣ್ಣೆ, ಕೋವಿಗೂ ಅದೇ ತೆಂಗಿನೆಣ್ಣೆ. ಒಣಗಿ ಅಂಟಾಗಿದೆ, ಅಂಟಿನಡಿಯಲ್ಲಿ ತುಕ್ಕು ಹಾಯಾಗಿ ಸಂಸಾರ ಮಾಡಿಕೊಂಡಿದೆ. ನಳಿಗೆಯ ಉದ್ದಕ್ಕೂ ಉರುಟುರುಟು ಕಲೆಗಳಿವೆ. ಇವು ಎಂತದು ಎಂದು ಟ್ರೆವರ್ ತಲೆ ಕೆರೆದುಕೊಂಡ. ಆಯುಧಪೂಜೆಯ ಗಂಧದ ಬೊಟ್ಟು ಮಗಾ ಎಂದೆ. ವರ್ಷವರ್ಷವೂ ಬೊಟ್ಟಿಟ್ಟು, ಒರೆಸದೆ ಗೂಟಕ್ಕೆ ಹಾಕಿದ್ದೀರಿ. ನಿಮ್ಮ ಭಕ್ತಿಯಿಂದ ಆ ಕಬ್ಬಿಣ ಸಾಯುವುದೊಂದು ಬಾಕಿ.

ಈಗ ಕೆಲಸದ ಮಾತು. ಜೋಡಿ ನಳಿಗೆಗಳನ್ನು ಸೀಸದ ಬೆಸುಗೆಯಲ್ಲಿ ಕೂಡಿಸಿರುತ್ತಾರೆ. ಈಗಿನವರಂತೆ ಕುದಿಯುವ ಕ್ಷಾರದ ನೀರಿಗೆ ಮುಳುಗಿಸಿ ಅರ್ಧ ಗಂಟೆಯಲ್ಲಿ ಕಪ್ಪು ಮಾಡಲು ಹೋದರೆ ಬೆಸುಗೆ ಬಿಟ್ಟು ಎರಡೂ ಬೇರೆಯಾಗುತ್ತವೆ. ಇದಕ್ಕೆ ಹಳೆಯ ದಾರಿಯೇ ಆಗಬೇಕು. ಮೊದಲು ಎಮೆರಿ ಕಾಗದದಿಂದ ಉದ್ದಕ್ಕೆ ತಿಕ್ಕಿ ನಳಿಗೆಯನ್ನು ಬೆಳ್ಳಗೆ ಮಾಡುತ್ತೇನೆ. ಜಿಡ್ಡು ಪೂರಾ ತೆಗೆಯುತ್ತೇನೆ. ಆಮೇಲೆ ಅದನ್ನು ಬರಿಗೈಯಲ್ಲಿ ಯಾರೂ ಮುಟ್ಟಕೂಡದು. ಬಾಯಿಗೆ ಮರದ ಬೂಚು ಹಾಕಿ, ಹತ್ತಿಯಲ್ಲಿ ತುಕ್ಕು ಬರಿಸುವ ಮದ್ದು ಸವರಿ, ಹೊಳೆಯ ಬದಿಯ ಕೋಣೆಯಲ್ಲಿ ತೂಗುಹಾಕುತ್ತೇನೆ. ಬೇರೆ ಊರಿನವರು ಇದಕ್ಕಾಗಿ ಒದ್ದೆ ಪೆಟ್ಟಿಗೆ ಕಟ್ಟುತ್ತಾರಂತೆ. ನಮಗೆ ಈ ಮಳೆಗಾಲದಲ್ಲಿ ಸ್ವರ್ಣಾ ಹೊಳೆಯೇ ಕಿಟಕಿಯಿಂದ ಬಂದು ಉಸಿರು ಬಿಟ್ಟು ಹೋಗುತ್ತಾಳೆ.

ಬೆಳಗಾಗುವಾಗ ನಳಿಗೆಯ ಮೇಲೆ ಕೆಂಪು ಧೂಳು ಅರಳಿರುತ್ತದೆ, ಎಳೆಗರುವಿನ ಮೈಯ ಹಾಗೆ. ಅದನ್ನು ಮಳೆನೀರಿನಲ್ಲಿ ಕುದಿಸುತ್ತೇನೆ. ಕುದಿಯುತ್ತಾ ಕುದಿಯುತ್ತಾ ಕೆಂಪೆಲ್ಲ ಕಪ್ಪಾಗುತ್ತದೆ. ಮೇಲಿನ ಮಸಿಯನ್ನು ಉಜ್ಜಿ ತೆಗೆದು ಪುನಃ ಮದ್ದು, ಪುನಃ ಕೆಂಪು, ಪುನಃ ಕುದಿ. ಹೀಗೆ ಮಾಡುತ್ತಾ ಹೋದರೆ ಕೊನೆಗೊಂದು ದಿನ ಅದು ಬಾವಿಯ ತಳದ ಕಪ್ಪಿಗೆ ಬರುತ್ತದೆ. ಯಾವ ತುಕ್ಕು ತಿನ್ನುತ್ತಿತ್ತೋ ಅದೇ ತುಕ್ಕು ಕಾವಲಿಗೆ ನಿಲ್ಲುತ್ತದೆ. ಇಷ್ಟು ವರ್ಷವಾದರೂ ಕುದಿಯುವ ಹಂಡೆಯ ಎದುರು ಕುಳಿತಾಗ ನನಗೆ ಕನಸು ಕಂಡ ಹಾಗೆಯೇ ಆಗುತ್ತದೆ.

ಆದರೆ ನಿನ್ನ ಷರತ್ತು ನಡೆಯುವುದಿಲ್ಲ. ಕೈಯಚ್ಚನ್ನು ಹಾಗೆಯೇ ಬಿಟ್ಟು ಉಳಿದದ್ದಕ್ಕೆ ಕಪ್ಪು ಹಿಡಿಸಿದರೆ ಆ ಜಾಗದ ತುಕ್ಕು ಒಳಗೊಳಗೆ ಇಳಿಯುತ್ತದೆ. ಅಂಥ ಕೋವಿಗೆ ಕಾಪುವಿನಲ್ಲಿಯೂ ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಕೋವಿ ಬೇಕಾದರೆ ಕೈ ಹೋಗಬೇಕು. ಕೈ ಬೇಕಾದರೆ ಕೋವಿ ಹೋಗುತ್ತದೆ. ಅದರೊಟ್ಟಿಗೆ ಕೈಯೂ ಠಾಣೆಯ ಕೋಣೆ ಸೇರುತ್ತದೆ. ನೀನು ಹೇಳುವವರೆಗೆ ಎಮೆರಿ ಮುಟ್ಟುವುದಿಲ್ಲ.

ನಿನ್ನ
ಕಜೆಟನ್


ಎಲ್ಲೂರು
೧೯ ಜುಲೈ ೨೦೨೪

ಕಜೆಟನ್,

ತೆಂಗಿನೆಣ್ಣೆಯ ವಿಷಯದಲ್ಲಿ ನಿನ್ನ ವಾದವನ್ನು ಒಪ್ಪಿದ್ದೇನೆ. ಉಳಿದುದಕ್ಕೆ ಸಮಯ ಕೊಡು.

ಆಟಿ ತಿಂಗಳು ಹುಟ್ಟಿದ ಮರುದಿನವೇ ಉಮಾನಾಥ ಕಾರ್ಕಳದಿಂದ ಕಾರು ತಂದು ಅಕ್ಕನನ್ನು ತವರಿಗೆ ಕರೆದೊಯ್ದ. ಆಟಿಯಲ್ಲಿ ತವರಿಗೆ ಹೋಗುವುದು ಹೊಸ ಮದುಮಗಳು. “ಅರುವತ್ತರ ಮದುಮಗಳು ಇವಳೊಬ್ಬಳೇ ಇರಬೇಕು” ಎಂದೆ. “ಹಾಗೆ ತಿಳ್ಕೊಳ್ಳಿ ಭಾವ. ಅಕ್ಕ ಸರಿಯಾಗಿ ಊಟ ಮಾಡದೆ ಎಷ್ಟು ದಿನ ಆಯ್ತು, ನಿಮಗೆ ಗೊತ್ತುಂಟಾ?” ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ಊಟಕ್ಕೆ ನಾನು ಮೊದಲು ಕೂರುತ್ತೇನೆ. ಆಕೆಯದು ಅನಂತರ, ಒಳಗೆ. ಕಾರು ಹೊರಟಾಗ ನಳಿನಾಕ್ಷಿ ನನ್ನ ಕಡೆಗಲ್ಲ, ಚಾವಡಿಯ ಗೋಡೆಯ ಕಡೆಗೆ ನೋಡಿದಳು. ಕೋವಿ ಯಾವಾಗ ಬರುತ್ತದೆ ಎಂದು ಕೇಳಿದಳು. ಗೊತ್ತಿಲ್ಲ ಎಂದೆ.

ನೀನು ಮುಂದಿಟ್ಟ ವಿಷಯದ ಎರಡೂ ಪಕ್ಷಗಳನ್ನು ನಾನೇ ವಹಿಸಿ ನೋಡಿದೆ. ಕೈ ಉಳಿಯಬೇಕೆನ್ನುವ ಪಕ್ಷ ಹೇಳುತ್ತದೆ: ಅವನ ಅಂಗಿಗಳನ್ನು ಕೊಟ್ಟಾಯಿತು, ಬೈಕನ್ನು ಮಾರಿಯಾಯಿತು, ಫೋಟೊದಲ್ಲಿ ಅವನು ಬೇರೆ ಯಾರನ್ನೋ ನೋಡುತ್ತಿದ್ದಾನೆ, ಅವನು ಹಿಡಿದ ಜಾಗವೆಂದು ಬೆರಳಿಟ್ಟು ತೋರಿಸಬಹುದಾದದ್ದು ಇದೊಂದೇ. ಕೈ ಅಳಿಯಬೇಕೆನ್ನುವ ಪಕ್ಷ ಹೇಳುತ್ತದೆ: ಇದು ತುಕ್ಕು. ತುಕ್ಕಿಗೆ ಮಗನೆಂದು ಹೆಸರಿಡುವುದು ವಿವೇಕವಲ್ಲ. ಎರಡನೆಯ ಪಕ್ಷಕ್ಕೆ ಅಂಕ ಹೆಚ್ಚು. ಆದರೂ ತೀರ್ಪು ಬರೆಯಲು ಪೆನ್ನು ಏಳಲಿಲ್ಲ.

ಮಧ್ಯಾಹ್ನ ಆರಾಮಕುರ್ಚಿಯಲ್ಲಿ ಜೋಂಪು ಹತ್ತಿತ್ತು. ಹೊರಗೆ ಮಳೆಯೂ ಅಲ್ಲದ ಬಿಸಿಲೂ ಅಲ್ಲದ ಒಂದು ಬೆಳಕು. ಗದ್ದೆಯ ನಡುವೆ ಪ್ರತೀಕ ನಿಂತಿದ್ದ. ನೀರು ಮೊಣಕಾಲಿನವರೆಗೆ, ನೀರಿನಲ್ಲಿ ಅವನ ನೆರಳಿರಲಿಲ್ಲ, ಮೋಡಗಳಿದ್ದವು. ಅವನ ಬೆನ್ನು ನನ್ನ ಕಡೆಗಿತ್ತು. ನೀನು ಬರೆದ ಆ ಕೆಂಪು ಧೂಳು ಅವನ ತೋಳಿನ ಮೇಲೆ ಅರಳಿತ್ತು. ಒರೆಸಿಕೋ ಎಂದೆ. ಅವನು ತಿರುಗದೆ, ಅದು ಇನ್ನೂ ಹಿಡಿಯುತ್ತಾ ಉಂಟು ಅಪ್ಪಾ, ಮುಟ್ಟಬಾರದು ಎಂದ. ಎಚ್ಚರವಾದಾಗ ಹಂಚಿನಿಂದ ನೀರು ಇಳಿಯುತ್ತಿತ್ತು. ಅವನ ಮಾತಿಗೆ ನನ್ನಲ್ಲಿ ಉತ್ತರ ಸಿದ್ಧವಿತ್ತು. ಯಾರಿಗೆ ಹೇಳುವುದು?

ಇದನ್ನು ಯಾರಿಗೂ ಹೇಳಬೇಡ.

ತಾರಾನಾಥ


ಕಲ್ಯಾಣಪುರ
೨೯ ಜುಲೈ ೨೦೨೪

ಪ್ರಿಯ ತಾರಾನಾಥ,

ಬರೆಯಬೇಕೋ ಬಾರದೋ ಎಂದು ಒಂದು ವಾರ ಕಾದೆ. ಬರೆಯದಿದ್ದರೆ ನಾನು ನಿನಗೆ ಮೋಸ ಮಾಡಿದ ಹಾಗಾಗುತ್ತದೆ.

ನಿನ್ನ ಸೊಸೈಟಿ ಅಕ್ಕಿಯ ಚೀಲದಂಥ ಕೋವಿಚೀಲದಿಂದ ನಳಿಗೆಯನ್ನು ಪುನಃ ಹೊರಗೆ ತೆಗೆದು ದೊಡ್ಡ ಮಸೂರದಡಿ ಹಿಡಿದೆ. ಗಂಧದ ಬೊಟ್ಟುಗಳ ತುಕ್ಕು ಹಳತು: ಕಂದು ಬಣ್ಣ, ಗಟ್ಟಿ, ಗುಂಡಿ ಬಿದ್ದಿದೆ. ಕೈಯಚ್ಚಿನದು ಹಾಗಲ್ಲ. ಕಿತ್ತಳೆ ಬಣ್ಣ, ಮೆದು, ಬಟ್ಟೆಗೆ ಹತ್ತುತ್ತದೆ. ಅದು ಹೊಸದು, ತಾರಾ. ಪ್ರತೀಕ ಹೋಗಿ ಹತ್ತು ತಿಂಗಳಾಗುತ್ತಾ ಬಂತು. ಈ ತುಕ್ಕಿನ ಮೇಲುಪದರಕ್ಕೆ ಅಷ್ಟು ವಯಸ್ಸಿಲ್ಲ. ಒಮ್ಮೆ ಹಿಡಿದು ಬಿಟ್ಟದ್ದೂ ಅಲ್ಲ. ಯಾರೋ ಅದೇ ಜಾಗದಲ್ಲಿ, ಅದೇ ಹಾಗೆ, ದಿನವೂ ಕೈ ಇಟ್ಟಿದ್ದಾರೆ. ಬೆವರಿನ ಉಪ್ಪು ಪದರ ಪದರವಾಗಿ ಕೂತಿದೆ.

ಇನ್ನೊಂದು. ಪ್ರತೀಕನ ಕೈ ನನಗೆ ನೆನಪುಂಟು. ತೋಟೆಯ ಪೆಟ್ಟಿಗೆಯನ್ನು ಒಂದೇ ಕೈಯಲ್ಲಿ ಮುಚ್ಚಿ ಹಿಡಿಯುತ್ತಿದ್ದ, ಅಷ್ಟು ಅಗಲ. ಈ ಅಚ್ಚು ಸಣ್ಣದು. ನನ್ನ ಕೈ ಹಿಡಿದು ನೋಡಿದೆ, ದೊಡ್ಡದಾಯಿತು. ಟ್ರೆವರನದ್ದೂ ದೊಡ್ಡದಾಯಿತು. ಆಗ ನನ್ನ ಹೆಂಡತಿ ಚಾ ತಂದಳು. ಅವಳ ಕೈಯನ್ನು ಒಂದು ಇಂಚು ಮೇಲೆ, ಮುಟ್ಟದೆ, ಹಿಡಿಯಲು ಹೇಳಿದೆ. ಸರಿಯಾಗಿ ಕೂತಿತು.

“ಇದು ಹೆಂಗಸಿನ ಕೈ” ಎಂದಳು. ಕೈ ಹಿಂದಕ್ಕೆ ತೆಗೆದು, “ಇದನ್ನು ಅವರಿಗೆ ಬರೀಬೇಡಿ” ಎಂದಳು. ಆಮೇಲೆ, “ಅಲ್ಲ, ಬರೀರಿ” ಎಂದಳು.

ಬರೆದಿದ್ದೇನೆ. ನಳಿಗೆ ಹಾಗೆಯೇ ಉಂಟು.

ಕಜೆಟನ್


ಎಲ್ಲೂರು
೨ ಆಗಸ್ಟ್ ೨೦೨೪

ಸೌಭಾಗ್ಯವತಿ ನಳಿನಾಕ್ಷಿಗೆ,

ಇಲ್ಲಿ ಎಲ್ಲವೂ ಕ್ರಮದಲ್ಲಿದೆ. ಹಸು ಹಾಲು ಕೊಡುತ್ತಿದೆ. ಅಡುಗೆಗೆ ಬೇಬಿ ಬಂದು ಹೋಗುತ್ತಾಳೆ.

ಕೋವಿಯ ನಳಿಗೆಯ ಮೇಲೆ ಒಂದು ಕೈಯ ಗುರುತು ತುಕ್ಕಾಗಿ ನಿಂತಿದೆ. ಕಪ್ಪು ಹಿಡಿಸುವುದಾದರೆ ಅದನ್ನು ತಿಕ್ಕಿ ಅಳಿಸಬೇಕು. ಅಳಿಸದಿದ್ದರೆ ಕೋವಿಯನ್ನು ಒಪ್ಪಿಸಬೇಕು. ಅದು ಪ್ರತೀಕನದೆಂದು ನಾನು ತಿಳಿದಿದ್ದೆ. ಅಲ್ಲವೆಂದು ಕಜೆಟನ್ ಬರೆದಿದ್ದಾನೆ. ನಮ್ಮ ಮನೆಯಲ್ಲಿ ಇನ್ನೊಂದು ಕೈ ಯಾರದೆಂದು ಕೇಳಲು ನನಗೆ ಕಷ್ಟವಾಗುತ್ತಿದೆ. ಫೋನಿನಲ್ಲಿ ಕೇಳಿದರೆ ಅದು ಪಾಟೀಸವಾಲಿನಂತೆ ಕೇಳಿಸೀತೆಂದು ಬರೆಯುತ್ತಿದ್ದೇನೆ.

ನಿನಗೆ ತಿಳಿದುದನ್ನು ತಿಳಿಸು. ಗುರುತು ಉಳಿಯಬೇಕೋ ಅಳಿಯಬೇಕೋ ಎಂಬುದನ್ನೂ ತಿಳಿಸು. ಸರಿಯಾಗಿ ಊಟ ಮಾಡು.

ತಾರಾನಾಥ


ಕಾರ್ಕಳ
೯ ಆಗಸ್ಟ್ ೨೦೨೪

ಎಲ್ಲೂರಿನ ಮನೆಯವರಿಗೆ ನಳಿನಾಕ್ಷಿಯ ನಮಸ್ಕಾರಗಳು.

ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ತಮ್ಮ ನನಗೆ ದಿನವೂ ಪತ್ರೊಡೆ ತಿನ್ನಿಸುತ್ತಾನೆ. ತಿನ್ನುತ್ತಾ ಇದ್ದೇನೆ.

ಆ ಕೈ ನನ್ನದು.

ನಿಮಗೆ ಹೇಳದ ಒಂದು ಸಂಗತಿ ಉಂಟು. ಅವನು ಮಸ್ಕತ್ತಿನಿಂದ ಬಂದ ಮೇಲಿನ ಮೊದಲ ಬೆಳೆ. ತೆನೆ ಹಾಲು ಕಟ್ಟಿತ್ತು. ಅವನು ಬೆಳಗಿನ ಜಾವ ಕಾವಲಿಗೆ ಹೋಗಿದ್ದ. ನಾನು ಚಾ ತೆಗೆದುಕೊಂಡು ಹೋದೆ. ಗದ್ದೆಯೇ ಇರಲಿಲ್ಲ, ಬರೀ ಮಂಜು. ಮಂಜಿನ ಮೇಲೆ ಅವನ ತಲೆ ಮತ್ತು ಕೋವಿಯ ತುದಿ ತೇಲುತ್ತಿತ್ತು. ನಾನು ಕರೆದದ್ದು ನನಗೇ ಕೇಳಿಸಲಿಲ್ಲ.

“ಅಮ್ಮ, ನೀನೊಂದು ಈಡು ಹೊಡಿತೀಯಾ?” ಎಂದು ಕೇಳಿದ.

“ಮರುಳಾ ನಿನಗೆ? ಅಪ್ಪನಿಗೆ ಗೊತ್ತಾದ್ರೆ?”

“ಅಪ್ಪನಿಗೆ ಗೊತ್ತಾದ್ರೆ ಪರ ವಿರೋಧ ಎರಡೂ ಅವರೇ ಮಾತಾಡಿ ಮುಗಿಸ್ತಾರೆ. ನಮಗೆ ಎಂತ ಕೆಲಸ ಉಂಟು ಅದರಲ್ಲಿ?”

ನಾನು ನಕ್ಕೆ. ನಗುತ್ತಾ ಇರುವಾಗಲೇ ಕೋವಿ ನನ್ನ ಹೆಗಲಿಗೆ ಬಂದಿತ್ತು. ಅವನು ನನ್ನ ಹಿಂದೆ ನಿಂತು, ನನ್ನ ಎಡಗೈಯನ್ನು ಮುಂದಕ್ಕೆ ತೆಗೆದು ಕಬ್ಬಿಣದ ಮೇಲೆ ಇರಿಸಿದ. ಅದರ ಮೇಲೆ ತನ್ನ ಕೈ ಇಟ್ಟ. ಕೆಳಗೆ ಕಬ್ಬಿಣ, ಮೇಲೆ ಅವನು, ನಡುವೆ ನನ್ನ ಕೈ. ಮೇಲಕ್ಕೆ, ಆಕಾಶಕ್ಕೆ ಹೊಡಿ ಎಂದ. ಶಬ್ದ ಆದದ್ದು ನೆನಪಿಲ್ಲ. ಬೆಳ್ಳಕ್ಕಿಗಳು ಮಂಜಿನೊಳಗಿಂದ ಒಟ್ಟಿಗೆ ಎದ್ದವು. ಗದ್ದೆಯೇ ಎದ್ದು ಹೋದ ಹಾಗೆ ಆಯಿತು. ಹೆಗಲು ನೀಲಿಗಟ್ಟಿತ್ತು. ಬಚ್ಚಲಿನಲ್ಲಿ ಜಾರಿದೆ ಎಂದು ನಿಮಗೆ ಹೇಳಿದೆ. ಬಚ್ಚಲಿನ ಪಾಚಿಯ ಬಗ್ಗೆ ನೀವು ತುಂಬಾ ಹೊತ್ತು ಮಾತಾಡಿದಿರಿ. ಅವನು ಅಡುಗೆಮನೆಯಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದ.

ಅವನು ಹೋದ ಮೇಲೆ ಸಂಜೆ ದೀಪ ಹಚ್ಚಿ ಬಂದು ಅದೇ ಜಾಗದಲ್ಲಿ ಕೈ ಇಟ್ಟು ನಿಲ್ಲುತ್ತೇನೆ. ಸ್ವಲ್ಪ ಹೊತ್ತಿಗೆ ಮೇಲೆ ಅವನ ಕೈಯ ಭಾರ ಬರುತ್ತದೆ. ಒಮ್ಮೊಮ್ಮೆ ಬರುವುದಿಲ್ಲ. ಬಾರದ ದಿನ ಹೆಚ್ಚು ಹೊತ್ತು ನಿಲ್ಲುತ್ತೇನೆ. ಅಲ್ಲಿ ಗುರುತು ಬಿದ್ದದ್ದು ನನಗೆ ಗೊತ್ತಿರಲಿಲ್ಲ. ಕನ್ನಡಕ ಹಾಕಿಕೊಂಡು ನೋಡಲಿಕ್ಕೆ ಅಲ್ಲಿ ನನಗೆ ಎಂತದೂ ಇರಲಿಲ್ಲ.

ಅಳಿಸಬೇಕೋ ಬೇಡವೋ ಎಂದು ಕೇಳಿದ್ದೀರಿ. ನನ್ನನ್ನು ನೀವು ಹಾಗೆ ಕೇಳಿದ್ದು ಇದೇ ಮೊದಲು. ನನಗೆ ಉತ್ತರ ಕೊಟ್ಟು ಅಭ್ಯಾಸ ಇಲ್ಲ. ಒಂದು ಮಾತ್ರ ಹೇಳುತ್ತೇನೆ. ಕೋವಿ ಗೂಟದಲ್ಲಿದ್ದ ಅಷ್ಟು ಸಂಜೆಗಳಲ್ಲಿ ನೀವು ಒಮ್ಮೆಯೂ ಆ ಹೊತ್ತಿಗೆ ಚಾವಡಿಗೆ ಬರಲಿಲ್ಲ. ಕೋಣೆಯೊಳಗೆ ರೇಡಿಯೊದ ವಾರ್ತೆ ದೊಡ್ಡದಾಗಿ ಇಡುತ್ತಿದ್ದಿರಿ. ನೀವು ಯಾಕೆ ದೊಡ್ಡದಾಗಿ ಇಡುತ್ತೀರಿ ಎಂದು ನನಗೆ ಗೊತ್ತಿತ್ತು. ಹಾಗಾಗಿ ನಾನೂ ಕರೆಯಲಿಲ್ಲ.

ಆಟಿ ಮುಗಿದ ಮೇಲೆ ಬರುತ್ತೇನೆ.

ನಳಿನಾಕ್ಷಿ


ಎಲ್ಲೂರು
೧೫ ಸೆಪ್ಟೆಂಬರ್ ೨೦೨೪

ಪ್ರತೀಕನ ವರ್ಷದ ಕ್ರಿಯೆಗೆ ಬಂದಿರುವ ಬಂಧುಗಳಿಗೆ,

ಊಟ ಮುಗಿದಿದೆ. ಇದನ್ನು ಉಮಾನಾಥ ಗಟ್ಟಿಯಾಗಿ ಓದುತ್ತಾನೆ. ನಡುವೆ ನಿಲ್ಲಿಸಿ ನನ್ನ ಮುಖ ನೋಡಬಾರದೆಂದು ಅವನಿಗೆ ಸೂಚಿಸಿದ್ದೇನೆ, ಇನ್ನೊಮ್ಮೆ ಸೂಚಿಸುತ್ತೇನೆ. ನಳಿನಾಕ್ಷಿಯೂ ಇದನ್ನು ನಿಮ್ಮೊಂದಿಗೆ ಈಗಲೇ ಕೇಳುತ್ತಿದ್ದಾಳೆ. ಆಕೆಗೆ ಇದರ ಒಂದಕ್ಷರವೂ ಮೊದಲೇ ತಿಳಿದಿಲ್ಲ.

ಕೋವಿಯನ್ನು ಏನು ಮಾಡಿದಿರಿ ಎಂದು ಬೆಳಗಿನಿಂದ ನಿಮ್ಮಲ್ಲಿ ಹಲವರು ಕೇಳಿದಿರಿ. ಹೇಳುತ್ತೇನೆ.

ನಳಿಗೆಯ ಮೇಲೆ ಒಂದು ಕೈಯ ಗುರುತಿತ್ತು. ನನ್ನ ಮಗನ ಕೈಯೆಂದು ನಾನು ಅದನ್ನು ಕಾಪಾಡಲು ಹೊರಟಿದ್ದೆ. ಅದು ನನ್ನ ಹೆಂಡತಿಯದು. ಕಳೆದ ವರ್ಷದುದ್ದಕ್ಕೂ, ಕೋವಿ ಮನೆಯಲ್ಲಿದ್ದ ಪ್ರತಿ ಸಂಜೆ ಆಕೆ ಈ ಚಾವಡಿಯಲ್ಲಿ, ಈಗ ನೀವು ಕುಳಿತಿರುವಲ್ಲಿ, ಅದರ ಮೇಲೆ ಕೈಯಿಟ್ಟು ನಿಂತಿದ್ದಳು. ಯಾಕೆಂಬುದು ಆಕೆಯ ವಿಷಯ, ಇಲ್ಲಿ ಓದಿಸುವಂಥದ್ದಲ್ಲ. ನಿಮ್ಮ ಅನುಕಂಪವನ್ನು ಹೋದ ವರ್ಷ ನಾನು ನಿರಾಕರಿಸಿದಾಗ ಆಕೆಯ ಪಾಲಿನದನ್ನೂ ಸೇರಿಸಿ ನಿರಾಕರಿಸಿದ್ದೆ. ಅದಕ್ಕೆ ಆಕೆಯ ಒಪ್ಪಿಗೆ ಪಡೆದಿರಲಿಲ್ಲ. ಯಾರಾದರೂ ಆಕೆಗೆ ಏನಾದರೂ ಹೇಳಬೇಕೆಂದಿದ್ದರೆ ಈ ಓದು ಮುಗಿದ ಮೇಲೆ ಹೇಳಬಹುದು.

ಹಿಂದಿನ ವಾರ ಕಲ್ಯಾಣಪುರಕ್ಕೆ ಹೋಗಿದ್ದೆ. ಕಜೆಟನ್ ನಳಿಗೆಯನ್ನು ಮೇಜಿನ ಮೇಲೆ ಇಟ್ಟುಕೊಂಡು ಕುಳಿತಿದ್ದ.

“ಅಳಿಸು” ಎಂದೆ.

“ಖಂಡಿತವಾ?”

“ಖಂಡಿತ.”

“ಪರ ವಿರೋಧ ಎಂತದೂ ಇಲ್ವಾ?”

“ಇಲ್ಲ.”

“ಮೈಯಲ್ಲಿ ಹುಷಾರುಂಟಲ್ಲ ಮಾರಾಯ?” ಎಂದು ನನ್ನ ಹಣೆ ಮುಟ್ಟಿ ನೋಡಿದ. ಆಮೇಲೆ ಎಮೆರಿ ಕಾಗದವನ್ನು ಮರದ ತುಂಡಿಗೆ ಸುತ್ತಿ ನನ್ನ ಕಡೆಗೆ ಚಾಚಿದ. ಬೆರಳುಗಳ ಗುರುತನ್ನು ನಾನೇ ತಿಕ್ಕಿದೆ. ಕಿರುಬೆರಳಿನಿಂದ ಆರಂಭಿಸಿ, ನಳಿಗೆಯ ಉದ್ದಕ್ಕೆ, ಅವನು ತೋರಿಸಿದಂತೆ. ಅದು ನಾನು ಎಣಿಸಿದಷ್ಟು ಆಳಕ್ಕೆ ಇಳಿದಿರಲಿಲ್ಲ. ಅಡಿಯಿಂದ ಬಂದ ಕಬ್ಬಿಣ ಮುಂಜಾನೆಯ ನೀರಿನಂತಿತ್ತು, ಬಣ್ಣವಿಲ್ಲದೆ, ಕಿಟಕಿಯ ಆಚೆಯ ಹೊಳೆಯನ್ನೂ ದೋಣಿಯನ್ನೂ ತೋರಿಸುತ್ತಾ. ನಾವಿಬ್ಬರೂ ಬಹಳ ಹೊತ್ತು ಅದನ್ನು ನೋಡುತ್ತಾ ಕುಳಿತೆವು. ಮಳೆ ಇನ್ನೂ ಕೆಲವು ವಾರ ಇದೆ. ಕಪ್ಪು ಹಿಡಿಯಲು ಅಷ್ಟು ಸಾಕು ಎಂದಿದ್ದಾನೆ. ಈಗ ಅದು ಹೊಳೆಬದಿಯ ಕೋಣೆಯಲ್ಲಿ ತೂಗುತ್ತಿದೆ. ತೆನೆಗೆ ಹಾಲು ಬರುವ ಹೊತ್ತಿಗೆ ಮನೆಗೆ ಬರುತ್ತದೆ.

ಸತ್ತವನ ಗುರುತಾಗಿದ್ದರೆ ನಾನು ಇನ್ನೂ ವಾದಿಸುತ್ತಲೇ ಇರುತ್ತಿದ್ದೆನೋ ಏನೋ. ಬದುಕಿರುವವಳ ಕೈಯ ಗುರುತನ್ನು ಕಬ್ಬಿಣದಲ್ಲಿ ಉಳಿಸಿಕೊಂಡು, ಕೈಯನ್ನು ಬೇರೆ ಕೋಣೆಯಲ್ಲಿ ಬಿಟ್ಟಿರುವುದು ನನಗೆ ಸರಿಯೆನಿಸಲಿಲ್ಲ.

ಈಗ ನನ್ನ ನಿರ್ಧಾರ. ಇದನ್ನು ನಾನೊಬ್ಬನೇ ಮಾಡಿದ್ದೇನೆ. ಉಮಾನಾಥನನ್ನು ಕೇಳಿಲ್ಲ, ಕಜೆಟನ್‌ನನ್ನು ಕೇಳಿಲ್ಲ. ಕೋವಿಯನ್ನು ಒಪ್ಪಿಸುವುದಿಲ್ಲ. ಲೈಸೆನ್ಸಿನಲ್ಲಿ ಪ್ರತೀಕನ ಹೆಸರಿದ್ದ ಜಾಗಕ್ಕೆ ನಳಿನಾಕ್ಷಿಯ ಹೆಸರನ್ನು ಸೇರಿಸಲು ಅರ್ಜಿ ಬರೆದಿದ್ದೇನೆ. ಆಕೆಯ ಸಹಿ ಮಾತ್ರ ಬಾಕಿ ಇದೆ. ಬೇಡವೆಂದರೆ ಅರ್ಜಿಯನ್ನು ಹರಿಯಬಹುದು, ಕಾರಣ ಕೇಳುವುದಿಲ್ಲ. ಬೇಕೆಂದರೆ, ಈ ಬೆಳೆಯ ಕಾವಲಿಗೆ ಕೋವಿ ಹಿಡಿದು ಮುಂದೆ ನಡೆಯುವವಳು ಆಕೆ. ಟಾರ್ಚು ಹಿಡಿದು ಹಿಂದೆ ಬರುವವನು ನಾನು.

ತಾರಾನಾಥ ಶೆಟ್ಟಿ